ತಂಡವಿತ್ತು, ಮೈದಾನವಿರಲಿಲ್ಲ

ತುಮಕೂರು, ಗುಬ್ಬಿ, ಕುಣಿಗಲ್. ಈ ಮೂರರಲ್ಲಿ ಯಾವ ಊರಿನ ಮೈದಾನಕ್ಕೆ ಬೇಕಾದರೂ ಸಂಜೆ ಐದರ ಸುಮಾರಿಗೆ ಹೋಗಿ ನೋಡಿ. ನಡುವೆ ಮೂರು ನಾಲ್ಕು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ಸೇರಿಕೊಂಡು ನಡೆಯುತ್ತಿರುತ್ತವೆ. ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ವಿಕೆಟ್ಟಿನ ಪಕ್ಕದಲ್ಲಿ ನಿಂತಿರುತ್ತಾನೆ. ಮೈದಾನದ ಅಂಚಿನಲ್ಲಿ ಮಧ್ಯವಯಸ್ಸಿನ ಹೆಂಗಸರು ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಿರಬಿರನೆ ಸುತ್ತು ಹಾಕುತ್ತಿರುತ್ತಾರೆ. ಸಮವಸ್ತ್ರದ ಹುಡುಗಿಯರು ಬಸ್ಸಿಗೆ ಹೊತ್ತಾಯಿತೆಂದು ಮೂಲೆಯಿಂದ ಮೂಲೆಗೆ ದಾಟಿ ಹೋಗುತ್ತಾರೆ. ಆ ಹುಡುಗಿಯರಲ್ಲಿ ತಾಲ್ಲೂಕು ಮಟ್ಟದ ಖೋಖೋದಲ್ಲೋ ಕಬಡ್ಡಿಯಲ್ಲೋ ಕಪ್ಪು ತಂದವರು ಒಬ್ಬಿಬ್ಬರಾದರೂ ಇರಬಹುದು. ಮೈದಾನದ ನಡುವೆ ಆಡಬೇಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳುವ ಅಗತ್ಯವೇ ಬಿದ್ದಿಲ್ಲ.

ಈ ದೃಶ್ಯಕ್ಕೊಂದು ಚರಿತ್ರೆಯಿದೆ. ಅದನ್ನು ಹೇಳಲು ನಾನು ಫುಟ್‌ಬಾಲ್ ಆರಿಸಿಕೊಂಡಿದ್ದೇನೆ. ಹೆಂಗಸರನ್ನು ಮೈದಾನದಿಂದ ಹೊರಗಿಡಲು ಲಿಖಿತ ಆದೇಶಗಳನ್ನೇ ಹೊರಡಿಸಿದ ಆಟ ಅದು. ಹೊರಗಿಟ್ಟವರನ್ನು ಮತ್ತೆ ಒಳಗೆ ಕರೆದುಕೊಂಡದ್ದು ಹೇಗೆ ಎಂಬುದಕ್ಕೂ ಅಲ್ಲಿ ದಾಖಲೆಯಿದೆ. ಹಾಗಾಗಿ ಈ ಬರಹ ಇಂಗ್ಲೆಂಡಿಗೂ ನೆದರ್‌ಲ್ಯಾಂಡ್ಸಿನ ಎರಡು ಸಣ್ಣ ಊರುಗಳಿಗೂ ಇಂಫಾಲಕ್ಕೂ ಬೆಂಗಳೂರಿಗೂ ಹೋಗಿ ಕೊನೆಗೆ ಗುಬ್ಬಿಗೆ ಬರುತ್ತದೆ. ದಾರಿಯುದ್ದಕ್ಕೂ ಕೇಳುವ ಪ್ರಶ್ನೆ ಒಂದೇ: ಒಂದು ಮಹಿಳಾ ತಂಡ ಉಳಿಯಬೇಕಾದರೆ ಅದಕ್ಕೆ ಏನು ಬೇಕು?

1895ರ ಮಾರ್ಚ್ 23ರಂದು ಲಂಡನ್ನಿನ ಕ್ರೌಚ್ ಎಂಡ್‌ನಲ್ಲಿ ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್ ತನ್ನ ಮೊದಲ ಸಾರ್ವಜನಿಕ ಪಂದ್ಯವನ್ನು ಆಡಿತು. ಅದನ್ನು ಕಟ್ಟಿದಾಕೆ ನೆಟಿ ಹನಿಬಾಲ್. ಆ ಹೆಸರು ಕೂಡ ನಿಜವಾದದ್ದಲ್ಲ, ಮನೆತನದ ಗುರುತು ಮುಚ್ಚಲು ಇಟ್ಟುಕೊಂಡದ್ದು ಎಂದು ಬಹುತೇಕ ಚರಿತ್ರೆಕಾರರು ನಂಬುತ್ತಾರೆ. ಪಂದ್ಯ ನೋಡಲು ಸಾವಿರಾರು ಜನ ಬಂದರು. ಮರುದಿನದ ಪತ್ರಿಕೆಗಳು ಆಟಕ್ಕಿಂತ ಹೆಚ್ಚಾಗಿ ಉಡುಪಿನ ಬಗ್ಗೆ ಬರೆದವು.

ಇಪ್ಪತ್ತೆರಡು ವರ್ಷಗಳ ನಂತರ ಚಿತ್ರ ಬದಲಾಯಿತು. ಮೊದಲ ಮಹಾಯುದ್ಧಕ್ಕೆ ಗಂಡಸರು ಹೋದಾಗ ಮದ್ದುಗುಂಡು ತಯಾರಿಸುವ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಎಂಬ ಕಾರ್ಖಾನೆಯ ಹುಡುಗಿಯರು ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯಲು ಶುರುಮಾಡಿದವರು 1917ರಲ್ಲಿ ತಂಡ ಕಟ್ಟಿದರು. ಆ ವರ್ಷದ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲು ಅವರು ಆಡಿದ ಪಂದ್ಯಕ್ಕೆ 10,000 ಜನ ಸೇರಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅದೇ ತಂಡದ ಆಟ ನೋಡಲು ಬಂದವರು 53,000 ಮಂದಿ. ಜಾಗ ಸಿಗದೆ ಸಾವಿರಾರು ಜನ ಗೇಟಿನ ಹೊರಗೇ ಉಳಿದರು.

ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿರ್ಣಯ ಮಾಡಿತು. ಈ ಆಟ ಹೆಂಗಸರಿಗೆ ತಕ್ಕುದಲ್ಲ, ಪಂದ್ಯಗಳಿಂದ ಬಂದ ಹಣದ ಲೆಕ್ಕವೂ ಸರಿಯಿಲ್ಲ ಎಂಬುದು ಅದು ಕೊಟ್ಟ ಕಾರಣ. ಆದರೆ ನಿರ್ಣಯದ ಕೆಲಸ ಮಾಡುವ ಭಾಗವನ್ನು ಗಮನಿಸಬೇಕು. ಹೆಂಗಸರು ಆಡಬಾರದು ಎಂದು ಅದು ಹೇಳಲಿಲ್ಲ, ಹಾಗೆ ಹೇಳುವ ಅಧಿಕಾರ ಅದಕ್ಕಿರಲೂ ಇಲ್ಲ. ಸದಸ್ಯ ಕ್ಲಬ್ಬುಗಳು ತಮ್ಮ ಮೈದಾನಗಳನ್ನು ಮಹಿಳಾ ಪಂದ್ಯಗಳಿಗೆ ಕೊಡಬಾರದು ಎಂದಷ್ಟೇ ಹೇಳಿತು. ಆಟಗಾರ್ತಿಯರನ್ನು ಯಾರೂ ಮುಟ್ಟಲಿಲ್ಲ, ಗೇಟಿಗೆ ಬೀಗ ಬಿತ್ತು. ಡಿಕ್, ಕೆರ್ ತಂಡ ಎದೆಗುಂದದೆ 1922ರಲ್ಲಿ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳೊಂದಿಗೂ ಆಡಿ ಬಂತು, ಉದ್ಯಾನಗಳಲ್ಲಿ, ರಗ್ಬಿ ಮೈದಾನಗಳಲ್ಲಿ ಆಡುತ್ತ 1965ರವರೆಗೆ ಬಾಳಿತು. ಆದರೆ 53,000 ಜನ ಮತ್ತೆ ಸೇರಲಿಲ್ಲ. ಅಷ್ಟು ಜನ ನಿಲ್ಲುವ ಜಾಗವೇ ಅವರಿಗೆ ಉಳಿದಿರಲಿಲ್ಲ.

ಉಳಿದ ದೇಶಗಳೂ ಇದೇ ದಾರಿ ಹಿಡಿದವು. ಬ್ರೆಜಿಲ್ 1941ರಲ್ಲಿ ಕಾನೂನಿನ ಮೂಲಕವೇ ನಿಷೇಧ ತಂದು 1979ರವರೆಗೆ ಇಟ್ಟುಕೊಂಡಿತು. ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಸಂಸ್ಥೆ 1955ರಲ್ಲಿ ತಂದ ನಿಷೇಧ 1970ರಲ್ಲಿ ತೆರವಾಯಿತು. ನೆದರ್‌ಲ್ಯಾಂಡ್ಸಿನಲ್ಲಿ ಇದಕ್ಕೂ ಮೊದಲೇ, 1896ರಲ್ಲಿ, ರಾಟರ್‌ಡ್ಯಾಮಿನ ಸ್ಪಾರ್ಟಾ ಕ್ಲಬ್ ಇಂಗ್ಲೆಂಡಿನ ಮಹಿಳಾ ತಂಡವೊಂದನ್ನು ಪಂದ್ಯಕ್ಕೆ ಕರೆಯಲು ಹೊರಟಾಗ ಅಲ್ಲಿನ ಸಂಸ್ಥೆ ತಡೆದಿತ್ತು.

ಹಾಗಿದ್ದರೆ ಅದೇ ನೆದರ್‌ಲ್ಯಾಂಡ್ಸ್ 2017ರಲ್ಲಿ ಯುರೋಪಿನ ಮಹಿಳಾ ಚಾಂಪಿಯನ್ ಆದದ್ದು ಹೇಗೆ?

ಆ ವರ್ಷದ ಆಗಸ್ಟ್ 6ರಂದು ಎನ್‌ಸ್ಖೆಡೆ ಎಂಬ ಊರಿನಲ್ಲಿ ನಡೆದ ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ 4-2ರಿಂದ ಡೆನ್ಮಾರ್ಕನ್ನು ಸೋಲಿಸಿತು. ನಾಲ್ಕು ಗೋಲುಗಳಲ್ಲಿ ಎರಡು ವಿವಿಯನ್ ಮೀಡೆಮಾ ಹೊಡೆದದ್ದು, ಒಂದು ಲೀಕೆ ಮಾರ್ಟೆನ್ಸ್ ಹೊಡೆದದ್ದು. ಇಬ್ಬರೂ ಆಮ್‌ಸ್ಟರ್‌ಡ್ಯಾಮಿನಂಥ ದೊಡ್ಡ ನಗರದವರಲ್ಲ. ಮೀಡೆಮಾ ಉತ್ತರದ ಹೋಗೆವೇನ್ ಪಟ್ಟಣದವಳು. ಮಾರ್ಟೆನ್ಸ್ ದಕ್ಷಿಣದ ಲಿಂಬರ್ಗ್ ಪ್ರಾಂತ್ಯದ ನ್ಯೂ ಬರ್ಗೆನ್ ಎಂಬ ಹಳ್ಳಿಯ ಕಡೆಯವಳು. ಇಬ್ಬರೂ ಮೊದಲು ಚೆಂಡು ಒದ್ದದ್ದು ತಮ್ಮೂರಿನ ಹವ್ಯಾಸಿ ಕ್ಲಬ್ಬಿನಲ್ಲಿ, ಹುಡುಗರ ಜೊತೆ.

ಆ ಕ್ಲಬ್ಬುಗಳ ಹೆಸರುಗಳನ್ನು ಬಿಡಿಸಿ ನೋಡಿದರೆ ನಮಗೆ ಪರಿಚಿತವಾದ ಒಂದು ಲೋಕ ಕಾಣುತ್ತದೆ. ಮೀಡೆಮಾ ಆಡಿದ ಎಚ್‌ಝಡ್‌ವಿವಿ ಎಂಬುದರಲ್ಲಿ ಝಡ್ ಅಂದರೆ ಡಚ್ ಭಾಷೆಯಲ್ಲಿ ಶನಿವಾರ. ಪ್ರೊಟೆಸ್ಟಂಟರಿಗೆ ಭಾನುವಾರ ಆಟ ನಿಷಿದ್ಧ, ಆದ್ದರಿಂದ ಅವರದು ಶನಿವಾರದ ಕ್ಲಬ್. ಮಾರ್ಟೆನ್ಸ್ ಆಡಿದ ಆರ್‌ಕೆವಿವಿ ಮೊಂಟಾನ್ಯಾರ್ಡ್ಸ್‌ನ ಮೊದಲೆರಡು ಅಕ್ಷರಗಳು ರೋಮನ್ ಕ್ಯಾಥೊಲಿಕ್ ಎನ್ನುವುದನ್ನು ಹೇಳುತ್ತವೆ. ನಮ್ಮ ಊರುಗಳಲ್ಲಿ ಮತ, ಜಾತಿ, ಬೀದಿಗಳ ಲೆಕ್ಕದಲ್ಲಿ ಯುವಕ ಸಂಘ, ಭಜನಾ ಮಂಡಳಿ, ಗಣಪತಿ ಸಮಿತಿ ಹುಟ್ಟಿದ ಹಾಗೆ ಅಲ್ಲಿ ಫುಟ್‌ಬಾಲ್ ಕ್ಲಬ್ಬುಗಳು ಹುಟ್ಟಿದವು. ಅಲ್ಲಿನ ಸಣ್ಣ ಊರಿಗೂ ಒಂದು ಕ್ಲಬ್ ಇರುತ್ತದೆ. ಮೈದಾನ ಹೆಚ್ಚಾಗಿ ಪುರಸಭೆಯದು. ಸದಸ್ಯರು ವರ್ಷಕ್ಕಿಷ್ಟು ಎಂದು ವಂತಿಗೆ ಕೊಡುತ್ತಾರೆ. ಹುಲ್ಲಿನ ಮೇಲೆ ಗೆರೆ ಎಳೆಯುವವರು, ಜೆರ್ಸಿ ಒಗೆಯುವವರು, ಕ್ಯಾಂಟೀನಿನಲ್ಲಿ ಕಾಫಿ ಸೋಸುವವರು, ಮಕ್ಕಳಿಗೆ ಪಾಠ ಹೇಳುವವರು ಎಲ್ಲರೂ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಯಾವ ತಂಡ ಯಾವ ದಿನ, ಎಷ್ಟು ಗಂಟೆಗೆ, ಯಾವ ಅಂಕಣದಲ್ಲಿ ಅಭ್ಯಾಸ ಮಾಡುತ್ತದೆ ಎಂಬ ವೇಳಾಪಟ್ಟಿ ಅಂಥ ಕ್ಲಬ್ಬಿನ ಬೆನ್ನೆಲುಬು.

1971ರಲ್ಲಿ ಡಚ್ ಫುಟ್‌ಬಾಲ್ ಸಂಸ್ಥೆ ಮಹಿಳಾ ಫುಟ್‌ಬಾಲನ್ನು ಅಧಿಕೃತವಾಗಿ ತನ್ನೊಳಗೆ ತೆಗೆದುಕೊಂಡಿತು. ಅದೇ ವರ್ಷದ ಏಪ್ರಿಲ್ 17ರಂದು ಫ್ರಾನ್ಸಿನ ಹಾಜ್‌ಬ್ರೂಕ್‌ನಲ್ಲಿ ಡಚ್ ಮಹಿಳೆಯರು ಫ್ರಾನ್ಸಿನೆದುರು ಆಡಿ 0-4ರಿಂದ ಸೋತರು. ಫಿಫಾ ಮನ್ನಣೆಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಪಂದ್ಯವೆಂದು ಈಗ ಎಣಿಸುವುದು ಅದನ್ನೇ. ನಾಲ್ಕು ಗೋಲುಗಳ ಸೋಲಿಗಿಂತ ಆ ವರ್ಷ ಊರೂರಿನ ಕ್ಲಬ್ಬುಗಳಲ್ಲಿ ಆದ ಬದಲಾವಣೆಯೇ ದೊಡ್ಡದು. ಮಹಿಳೆಯರಿಗಾಗಿ ಬೇರೆ ಸಂಸ್ಥೆ, ಬೇರೆ ಮೈದಾನ ಹುಡುಕಬೇಕಾಗಲಿಲ್ಲ. ಇದ್ದ ಕ್ಲಬ್ಬಿನ ವೇಳಾಪಟ್ಟಿಯಲ್ಲೇ ಒಂದು ಸಾಲು ಸೇರಿತು. ಮುಂದೆ ಕಿರಿಯರ ವಿಭಾಗಗಳಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುವುದು ರೂಢಿಯಾಯಿತು. 2017ರಲ್ಲಿ ತಂಡದ ತರಬೇತುದಾರಳಾಗಿದ್ದ ಸರೀನಾ ವೀಗ್‌ಮನ್ 1970ರ ದಶಕದಲ್ಲಿ ಬೆಳೆದವಳು. ಆ ಕಾಲದಲ್ಲಿ ಹುಡುಗಿಯರಿಗೆ ತಂಡವೇ ಇಲ್ಲದ್ದರಿಂದ ಅವಳು ತನ್ನ ಅವಳಿ ಅಣ್ಣತಮ್ಮನ ಜೊತೆ ಹುಡುಗರ ನಡುವೆ ಆಡಿದ್ದಳು. ಅವಳಿಗೆ ಅಪವಾದವಾಗಿ ಸಿಕ್ಕಿದ್ದು ಮೀಡೆಮಾ, ಮಾರ್ಟೆನ್ಸರ ಕಾಲಕ್ಕೆ ಕ್ರಮವಾಗಿ ಸಿಕ್ಕಿತು.

ಆದರೂ ಅವಸರದ ತೀರ್ಮಾನ ಬೇಡ. ಡಚ್ಚರ ಮಹಿಳಾ ಲೀಗ್ ಶುರುವಾದದ್ದು 2007ರಲ್ಲಿ. 1971ರಿಂದ 2017ರವರೆಗೆ ನಲವತ್ತಾರು ವರ್ಷ ಹಿಡಿಯಿತು. ಆ ನಲವತ್ತಾರು ವರ್ಷಗಳಲ್ಲಿ ಹೇಳಿಕೊಳ್ಳುವಂಥ ಕಪ್ಪು ಬರಲಿಲ್ಲ. ಆದರೂ ತಂಡಗಳು ಸಾಯಲಿಲ್ಲ. ಸೋತ ತಂಡಕ್ಕೂ ಮುಂದಿನ ಮಂಗಳವಾರ ಸಂಜೆ ಹೋಗಿ ಸೇರುವ ಒಂದು ಜಾಗ ಇತ್ತು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕಥೆ ತಿರುವುಮುರುವು. ಕಪ್ಪಿನ ಹತ್ತಿರ ಹೋಗುವ ತಂಡ ಮೊದಲು ಬಂತು, ಜಾಗ ಬರಲಿಲ್ಲ.

ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಸಂಘಟಿತ ರೂಪ ಪಡೆದದ್ದು 1975ರಲ್ಲಿ, ವಿಮೆನ್ಸ್ ಫುಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ ಹುಟ್ಟಿದಾಗ. ಅದು ಪುರುಷರ ಆಟವನ್ನು ನಡೆಸುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಿಂದ ಹೊರಗಿದ್ದ ಬೇರೆಯೇ ಸಂಸ್ಥೆ. ಐದೇ ವರ್ಷಗಳಲ್ಲಿ, 1980ರ ಜನವರಿಯಲ್ಲಿ, ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ಕಲ್ಲಿಕೋಟೆಯಲ್ಲಿ ನಡೆಯಿತು. ಭಾರತ ದಕ್ಷಿಣ, ಉತ್ತರ ಎಂದು ಎರಡು ತಂಡಗಳನ್ನು ಇಳಿಸಿತು. ದಕ್ಷಿಣದ ತಂಡ ಫೈನಲ್ ತಲುಪಿ ಚೀನೀ ತೈಪೆಯೆದುರು ಸೋತಿತು. 1983ರಲ್ಲಿ ಬ್ಯಾಂಕಾಕಿನಲ್ಲಿ ಭಾರತ ಮತ್ತೊಮ್ಮೆ ಫೈನಲ್ ತಲುಪಿ ಥಾಯ್ಲೆಂಡಿನೆದುರು ಸೋತಿತು. ಡಚ್ ಮಹಿಳೆಯರು ದೊಡ್ಡ ಟೂರ್ನಿಗಳ ಹೊಸ್ತಿಲನ್ನೂ ಮುಟ್ಟದಿದ್ದ ಕಾಲದಲ್ಲಿ ಭಾರತದ ಮಹಿಳೆಯರು ಏಷ್ಯಾದ ಎರಡನೆಯ ಸ್ಥಾನದಲ್ಲಿದ್ದರು. ಈ ಮಾತು ಇಂದಿನ ವಿದ್ಯಾರ್ಥಿಗಳಿಗೆ ಕಟ್ಟುಕಥೆಯಂತೆ ಕೇಳಿಸಬಹುದು.

1983ರಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದರು. ಫುಟ್‌ಬಾಲಿಗಾಗಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಎರಡನೆಯವರು ಮಣಿಪುರದ ಓಯಿನಂ ಬೆಂಬೆಂ ದೇವಿ, 2017ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷ. ಆ ಅವಧಿಯಲ್ಲಿ ಮಹಿಳೆಯರ ಫೆಡರೇಷನ್ ಕರಗಿ 1990ರ ದಶಕದ ಆರಂಭದಲ್ಲಿ ಆಡಳಿತ ಪುರುಷರ ಫೆಡರೇಷನ್ನಿಗೆ ಬಂತು. ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು, ನಿಂತಿತು, ಮತ್ತೆ ನಡೆಯಿತು. 2009ರಲ್ಲಿ ಭಾರತದ ಹೆಸರು ಫಿಫಾ ರ‍್ಯಾಂಕಿಂಗಿನಿಂದಲೇ ಬಿದ್ದುಹೋಯಿತು. ಸೋತು ಬಿದ್ದದ್ದಲ್ಲ. ಸಾಕಷ್ಟು ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದೆ ಬಿದ್ದದ್ದು.

ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ಮೊದಲ ಪೀಳಿಗೆಯಲ್ಲಿ ಭಾರತಕ್ಕೆ ಆಡಿದವರು. ಕರ್ನಾಟಕದ ಹೆಣ್ಣುಮಕ್ಕಳೂ ಆ ಚರಿತ್ರೆಯಲ್ಲಿದ್ದರು ಎಂಬುದಕ್ಕೆ ಅವರ ಹೆಸರು ಸಾಕ್ಷಿ. ಆದರೆ ಆ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇದಕ್ಕೆ ಕಾರಣ ಹುಡುಕಿದರೆ ಬೆಂಗಳೂರಿನ ಫುಟ್‌ಬಾಲಿನ ಚರಿತ್ರೆಯನ್ನೇ ತೆರೆಯಬೇಕಾಗುತ್ತದೆ.

ಬೆಂಗಳೂರು ಒಂದು ಕಾಲಕ್ಕೆ ಫುಟ್‌ಬಾಲಿನ ಊರು. ದಂಡಿನ ಸುತ್ತಲಿನ ಹಲಸೂರು, ಗೌತಮಪುರದ ಗಲ್ಲಿಗಳಲ್ಲಿ ಬರಿಗಾಲಿನ ಹುಡುಗರು ಸೈನಿಕರ ಆಟ ನೋಡಿ ಕಲಿತರು. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು, ಬ್ರಿಟಿಷ್ ಪಲ್ಟಣಗಳ ಹಿಡಿತದಲ್ಲಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡವಾಯಿತು. ಮರುವರ್ಷವೂ ಗೆದ್ದಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು 1948ರ ಜುಲೈ 31ರಂದು ಫ್ರಾನ್ಸಿನೆದುರು ಬಂದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕಾಲಿನಿಂದ. ಮೈಸೂರು ರಾಜ್ಯ 1946-47, 1952-53, 1967-68, 1968-69 ಹೀಗೆ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಐದನೆಯ ಗೆಲುವಿಗೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ಫೈನಲ್ ನಡೆದದ್ದು ದೂರದ ರಿಯಾದ್‌ನಲ್ಲಿ.

ಈ ಹುಡುಗರೆಲ್ಲ ಪ್ರತಿಭೆಯೊಂದರಿಂದಲೇ ಬೆಳೆಯಲಿಲ್ಲ. ಬೀದಿಯ ಕ್ಲಬ್ಬಿನಿಂದ ಜಿಲ್ಲಾ ಲೀಗಿಗೆ, ಅಲ್ಲಿಂದ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಿಗೆ ಏಣಿ ಇತ್ತು. ಕಾರ್ಖಾನೆ ತಂಡವೆಂದರೆ ನೌಕರಿ, ಸಂಬಳ, ಅಭ್ಯಾಸಕ್ಕೆ ಬಿಡುವು. ಮಹಿಳೆಯರಿಗೆ ಆ ಏಣಿಯ ತುದಿ ಮಾತ್ರ ಇತ್ತು. ರಾಜ್ಯ ತಂಡ, ರಾಷ್ಟ್ರ ತಂಡ, ಆಯ್ಕೆ ಶಿಬಿರ. ಕೆಳಗಿನ ಮೆಟ್ಟಿಲುಗಳು ಇರಲಿಲ್ಲ. ಟೂರ್ನಿ ಮುಗಿದ ಮರುದಿನ ಪುರುಷ ಆಟಗಾರ ತನ್ನ ಕ್ಲಬ್ಬಿಗೆ ಮರಳುತ್ತಿದ್ದ. ಆಟಗಾರ್ತಿ ಮನೆಗೆ ಮರಳುತ್ತಿದ್ದಳು. ಮುಂದಿನ ಶಿಬಿರದ ಕಾಗದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಏಷ್ಯಾದ ಎರಡನೆಯ ಸ್ಥಾನ ಒಂದೇ ಪೀಳಿಗೆಯ ಜೊತೆಗೆ ಕರಗಿದ್ದಕ್ಕೆ ನನಗೆ ತೋರುವ ಮುಖ್ಯ ಕಾರಣ ಇದು.

ಇದಕ್ಕೆ ನಮ್ಮ ದೇಶದೊಳಗೇ ಎದುರು ಸಾಕ್ಷ್ಯವೂ ಇದೆ, ಅದು ಮಣಿಪುರ. ಹಿರಿಯ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಆ ಪುಟ್ಟ ರಾಜ್ಯ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ. ಅಲ್ಲಿನ ನೀರಿನ ಗುಣ, ಮೈಕಟ್ಟಿನ ಗುಣ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇಂಫಾಲ ಕಣಿವೆಯಲ್ಲಿ ಲೈಕಾಯ್ ಎಂದು ಕರೆಯುವ ಕೇರಿಗಳಿವೆ. ಕೇರಿಗೊಂದು ಕ್ಲಬ್, ಕ್ಲಬ್ಬಿಗೊಂದು ಅಂಗಳ, ಅದರಲ್ಲಿ ಹುಡುಗಿಯರ ತಂಡ ಇರುವುದು ಅಲ್ಲಿ ಸಹಜ ಸಂಗತಿ. 2017ರಲ್ಲಿ ಮೊದಲ ಇಂಡಿಯನ್ ವಿಮೆನ್ಸ್ ಲೀಗ್ ಆರು ತಂಡಗಳೊಂದಿಗೆ ದೆಹಲಿಯಲ್ಲಿ ನಡೆದಾಗ ಗೆದ್ದದ್ದು ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಅರ್ಜುನ ಪ್ರಶಸ್ತಿಯ ಬೆಂಬೆಂ ದೇವಿ ಆ ಕ್ಲಬ್ಬಿನವರೇ. ಹೋಗೆವೇನ್ ಪಟ್ಟಣಕ್ಕೂ ಇಂಫಾಲದ ಕೇರಿಗೂ ಹವೆ, ಹಣ, ಭಾಷೆ ಯಾವುದರಲ್ಲೂ ಸಾಮ್ಯವಿಲ್ಲ. ಊರಿನ ಕ್ಲಬ್ಬಿನಲ್ಲಿ ಹುಡುಗಿಗೂ ಒಂದು ಜಾಗವಿದೆ ಎಂಬುದು ಮಾತ್ರ ಎರಡೂ ಕಡೆ ಸಮಾನ.

ಬೆಂಗಳೂರಿಗೂ ಈ ತಿಳಿವಳಿಕೆ ತಡವಾಗಿ ಬಂದಿದೆ. ಪುರುಷರ ತಂಡದ ಜೊತೆಗೆ ಮಹಿಳೆಯರ ತಂಡವನ್ನೂ ನಡೆಸುವ ಕಿಕ್‌ಸ್ಟಾರ್ಟ್ ಕ್ಲಬ್ 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಮಹಿಳಾ ಲೀಗಿನ ಫೈನಲ್ ಆಡಿತು. ಗೋಕುಲಂ ಕೇರಳ ತಂಡದೆದುರು 0-5ರ ಸೋಲು. ಅಂಕಿ ಕಹಿಯಾದರೂ ಕರ್ನಾಟಕದ ಮಹಿಳಾ ಕ್ಲಬ್ಬೊಂದು ಅಲ್ಲಿಯವರೆಗೆ ಹೋಗಿತ್ತು. 2025ರ ಜುಲೈ 5ರಂದು ಭಾರತ ತಂಡ ಥಾಯ್ಲೆಂಡಿಗೇ ಹೋಗಿ ಥಾಯ್ಲೆಂಡನ್ನು 2-1ರಿಂದ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿ ಏಷ್ಯಾ ಕಪ್ಪಿಗೆ ದಾರಿ ಮಾಡಿಕೊಂಡಿತು. 1983ರ ಸೋಲಿಗೆ ನಲವತ್ತೆರಡು ವರ್ಷಗಳ ನಂತರ ಸಿಕ್ಕ ಉತ್ತರವೆಂದು ಇದನ್ನು ಓದಿಕೊಳ್ಳಬಹುದು.

ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿಗೆ ಈ ಗಾಳಿ ಬೀಸುವುದು ಯಾವಾಗ? ನಮ್ಮ ಕಡೆಯ ಹುಡುಗಿಯರು ಆಡುವುದಿಲ್ಲ ಎನ್ನುವಂತಿಲ್ಲ. ಶಾಲೆಯಲ್ಲಿ ಚೆನ್ನಾಗಿಯೇ ಆಡುತ್ತಾರೆ. ಖೋಖೋ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್. ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಮೆಟ್ಟಿಲು ಕಟ್ಟಿವೆ. ಈ ಮೆಟ್ಟಿಲುಗಳು ನಿಂತಿರುವುದು ಶಾಲೆಯ ಹಾಜರಿ ಪುಸ್ತಕದ ಮೇಲೆ. ಹತ್ತನೆಯ ತರಗತಿಯೋ ಪಿಯುಸಿಯೋ ಮುಗಿದ ದಿನ ಹೆಸರು ಪುಸ್ತಕದಿಂದ ಹೋಗುತ್ತದೆ, ಜೊತೆಗೆ ತಂಡವೂ ಹೋಗುತ್ತದೆ. ಹುಡುಗನಿಗಾದರೆ ಆಮೇಲೆ ಬೀದಿಯ ಕ್ರಿಕೆಟ್ ತಂಡ ಇರುತ್ತದೆ, ಭಾನುವಾರದ ಟೆನಿಸ್ ಬಾಲ್ ಟೂರ್ನಿ ಇರುತ್ತದೆ, ಮೂವತ್ತೈದು ದಾಟಿದ ಮೇಲೂ ಆಡುವ ಗೆಳೆಯರಿರುತ್ತಾರೆ. ಅವನು ಚೆನ್ನಾಗಿ ಆಡಬೇಕೆಂದೇನೂ ಇಲ್ಲ, ಸುಮಾರಾಗಿ ಆಡಿದರೂ ಅವನಿಗೆ ಮೈದಾನವಿದೆ. ಹುಡುಗಿಗೆ ಆಟ ಮುಂದುವರಿಯಬೇಕಾದರೆ ಅವಳು ಅಸಾಧಾರಣಳಾಗಿರಬೇಕು. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಕಬಡ್ಡಿಯಲ್ಲಿ ಅರ್ಜುನ ಪ್ರಶಸ್ತಿಯವರೆಗೆ ಹೋದ ದಾರಿಯಲ್ಲಿ ರೈಲ್ವೆಯ ನೌಕರಿ ಇತ್ತು. ರೈಲ್ವೆ, ಪೊಲೀಸ್ ಇಲಾಖೆಗಳೇ ನಮ್ಮಲ್ಲಿ ಮಹಿಳಾ ಆಟಗಾರರ ಕ್ಲಬ್ಬುಗಳು. ಅವು ಸಾವಿರದಲ್ಲಿ ಒಬ್ಬಳನ್ನು ಕಾಪಾಡುತ್ತವೆ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ ಹದಿನೇಳನೆಯ ವಯಸ್ಸಿಗೆ ಆಟ ಮುಗಿಯುತ್ತದೆ.

ಹೆಣ್ಣುಮಕ್ಕಳ ಓಟಕ್ಕೆ ಜಾಗ ಎಲ್ಲಿದೆ ಎಂದು ಕೇಳುವಾಗ ಕುಣಿಗಲ್ ನೆನಪಾಗುತ್ತದೆ. ಹೈದರಾಲಿ, ಟಿಪ್ಪು ಕಾಲದ ಹಿನ್ನೆಲೆಯ ಅಲ್ಲಿನ ಕುದುರೆ ಫಾರಂ ನೂರಾರು ಎಕರೆ ಹರಡಿದೆ. ಓಡಬೇಕಾದ ಪ್ರಾಣಿಗೆ ಹುಲ್ಲು, ಬಯಲು, ದಿನದ ಇಂತಿಷ್ಟು ಹೊತ್ತು, ನೋಡಿಕೊಳ್ಳುವ ಆಳು ಬೇಕು ಎಂಬುದನ್ನು ಈ ಸೀಮೆ ಇನ್ನೂರು ವರ್ಷಗಳ ಹಿಂದೆಯೇ ಅರಿತಿತ್ತು. ಫಾರಂ ಜಮೀನನ್ನು ಟೌನ್‌ಶಿಪ್ ಮಾಡುವ ಮಾತು ಬಂದಾಗ ಊರಿನವರೇ ವಿರೋಧಿಸಿದರು, ಅದು ಸರಿಯಾದದ್ದೇ. ಅದೇ ಅರಿವನ್ನು ಮನುಷ್ಯರ ಮಕ್ಕಳಿಗೂ ಅನ್ವಯಿಸಬಹುದಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ಇದೆಲ್ಲ ಊರಿನ ಜಾಯಮಾನಕ್ಕೆ ಒಗ್ಗದ, ಹೊರಗಿನಿಂದ ತಂದ ಕಲ್ಪನೆ ಎನ್ನುವವರಿಗೆ ಗುಬ್ಬಿಯನ್ನು ತೋರಿಸಬೇಕು. 1884ರಲ್ಲಿ ಗುಬ್ಬಿಯಲ್ಲಿ ಚಂದಣ್ಣ, ಸುಳ್ಳ ನಂಜಪ್ಪ, ಅಬ್ದುಲ್ ಅಜೀಜ್ ಸಾಹೇಬರು ಮುಂತಾದ ಗೆಳೆಯರು ಸೇರಿ ಚನ್ನಬಸವೇಶ್ವರ ನಾಟಕ ಸಂಘ ಕಟ್ಟಿದರು. ಸಣ್ಣ ಊರಿನ ಹವ್ಯಾಸಿಗಳ ಕೂಟವಾಗಿ ಹುಟ್ಟಿದ ಅದು ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ಕಂಪನಿಯಾಯಿತು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಿಂದ ಆ ರಂಗ ಮುಂದೆ ಬಂದು ಬಿ. ಜಯಮ್ಮನಂಥ ನಟಿಯರಿಗೆ ತೆರೆದುಕೊಂಡಿತು. ಆ ದಿನಗಳಲ್ಲಿ ರಂಗದ ಮೇಲೆ ನಿಲ್ಲುವ ಹೆಣ್ಣಿನ ಬಗ್ಗೆ ಊರು ಆಡುತ್ತಿದ್ದ ಮಾತುಗಳ ಮುಂದೆ ಇಂದು ಚಡ್ಡಿ ಹಾಕಿ ಆಡುವ ಹುಡುಗಿಯ ಬಗ್ಗೆ ಆಡುವ ಮಾತು ಏನೂ ಅಲ್ಲ. ಆದರೂ ಅವರು ನಿಂತರು. ಕಂಪನಿಯಲ್ಲಿ ಊಟವಿತ್ತು, ವಸತಿಯಿತ್ತು, ಸಂಬಳವಿತ್ತು, ದಿನನಿತ್ಯದ ಅಭ್ಯಾಸವಿತ್ತು, ಹಿರಿಯ ಕಲಾವಿದರಿದ್ದರು. ನಾಟಕ ಸೋತ ರಾತ್ರಿಯೂ ಕಂಪನಿ ಮುಚ್ಚುತ್ತಿರಲಿಲ್ಲ.

ಗುಬ್ಬಿ ಕಂಪನಿಯಲ್ಲಿ ಕೆಲಸ ಮಾಡಿದ ನಟಿಯರಲ್ಲಿ ಆರ್. ನಾಗರತ್ನಮ್ಮನವರೂ ಒಬ್ಬರು. 1958ರಲ್ಲಿ ಅವರು ಸ್ತ್ರೀ ನಾಟಕ ಮಂಡಳಿ ಸ್ಥಾಪಿಸಿದರು. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಕಂಸ, ರಾವಣರಂಥ ಅಬ್ಬರದ ಪಾತ್ರಗಳನ್ನು ನಾಗರತ್ನಮ್ಮನವರೇ ಕಟ್ಟುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫುಟ್‌ಬಾಲಿನ ಭಾಷೆಯಲ್ಲಿ ಹೇಳುವುದಾದರೆ ನಾಗರತ್ನಮ್ಮನವರದು ಪೂರ್ಣ ಮಹಿಳಾ ತಂಡ. ಆದರೆ ಅದು ಶೂನ್ಯದಿಂದ ಹುಟ್ಟಲಿಲ್ಲ. ಗಂಡಸರೂ ಹೆಂಗಸರೂ ಕೂಡಿ ದುಡಿಯುತ್ತಿದ್ದ ಕಂಪನಿಗಳಲ್ಲಿ ವರ್ಷಗಟ್ಟಲೆ ಕಲಿತ ಮೇಲೆ ಹುಟ್ಟಿತು. ಹೋಗೆವೇನ್‌ನ ಮೀಡೆಮಾ ಹುಡುಗರ ತಂಡದಲ್ಲಿ ಕಲಿತು ಮಹಿಳಾ ತಂಡಕ್ಕೆ ಹೋದ ಹಾಗೆ. 1975ರ ನಮ್ಮ ಫು‌ಟ್‌ಬಾಲ್ ಆಟಗಾರ್ತಿಯರಿಗೆ ದೊರೆಯದೆ ಹೋದದ್ದು ಇಂಥ ಕಂಪನಿ.

ನಾಟಕಕ್ಕೂ ಆಟಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಕಂಪನಿ ಹೊಟ್ಟೆಪಾಡಿನದು, ಊರಿನ ಕ್ಲಬ್ ಸಂಜೆಯ ಹವ್ಯಾಸದ್ದು. ಮೈದಾನವೊಂದೇ ಸಾಕೆಂದೂ ಅಲ್ಲ. ಬಟ್ಟೆ ಬದಲಿಸಲು ಒಂದು ಕೋಣೆ, ಬಾಗಿಲಿರುವ ಶೌಚಾಲಯ, ಕತ್ತಲಾಗುವ ಮೊದಲು ಹಳ್ಳಿಗೆ ಹೋಗುವ ಬಸ್ಸು, ಮನೆಯಲ್ಲಿ ಅಮ್ಮನನ್ನು ಒಪ್ಪಿಸುವ ಒಬ್ಬ ಟೀಚರ್ ಎಲ್ಲವೂ ಬೇಕು. ಆದರೆ ಇವುಗಳನ್ನು ಒಂದೊಂದಾಗಿ ಕೇಳಬೇಕಾದರೂ ಕೇಳುವ ಒಂದು ಸಂಘ ಮೊದಲು ಇರಬೇಕು. ಗಣಪತಿ ಕೂರಿಸಲು, ರಾಜ್ಯೋತ್ಸವದ ಮೆರವಣಿಗೆಗೆ, ಅಣ್ಣಮ್ಮನ ಉತ್ಸವಕ್ಕೆ ಚಂದಾ ಎತ್ತಿ ಲೆಕ್ಕ ಒಪ್ಪಿಸುವ ಸಂಘಗಳು ನಮ್ಮ ಪ್ರತಿ ಬೀದಿಯಲ್ಲೂ ಇವೆ. ಸಂಘ ಕಟ್ಟುವ ವಿದ್ಯೆಯನ್ನು ನಾವು ಡಚ್ಚರಿಂದ ಕಲಿಯಬೇಕಾಗಿಲ್ಲ. ಆ ಸಂಘದ ಸದಸ್ಯರ ಪಟ್ಟಿಯಲ್ಲಿ ಹುಡುಗಿಯರ ಹೆಸರೂ ಬರೆಯಬಹುದು ಎಂಬುದಷ್ಟೇ ಅವರಿಂದ, ಇಂಫಾಲದವರಿಂದ, ನಮ್ಮದೇ ಗುಬ್ಬಿಯಿಂದ ಕಲಿಯಬೇಕಾದದ್ದು.

1921ರಲ್ಲಿ ಇಂಗ್ಲೆಂಡಿನಲ್ಲಿ ಒಂದು ನಿರ್ಣಯದಿಂದ ಬೀಗ ಬಿತ್ತು. ಅದನ್ನು ತೆಗೆಯಲು ಐವತ್ತು ವರ್ಷ ಬೇಕಾಯಿತು. ನಮ್ಮ ಮೈದಾನಗಳಿಗೆ ಬೀಗವಿಲ್ಲ, ನಿರ್ಣಯವೂ ಇಲ್ಲ. ಆದ್ದರಿಂದ ತೆಗೆಯುವುದು ಸುಲಭ ಎನ್ನಿಸುತ್ತದೆ. ವಾಸ್ತವದಲ್ಲಿ ಕಷ್ಟ, ಯಾಕೆಂದರೆ ಯಾರನ್ನು ಕೇಳಬೇಕೆಂದೇ ಗೊತ್ತಾಗುವುದಿಲ್ಲ. ಬಹುಶಃ ಶುರುವಾಗಬೇಕಾದದ್ದು ಒಂದು ಸಣ್ಣ ಫಲಕದಿಂದ. ಮೈದಾನದ ಗೇಟಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ: ಮಂಗಳವಾರ ಮತ್ತು ಶುಕ್ರವಾರ, ಸಂಜೆ 4.30ರಿಂದ 6.00, ಹುಡುಗಿಯರ ಅಭ್ಯಾಸ. ಮೊದಲ ವಾರ ನಾಲ್ಕೇ ಜನ ಬರಬಹುದು. ಎರಡನೆಯ ವಾರ ಮೂವರು. ಕ್ರಿಕೆಟ್ ಆಡುವ ಹುಡುಗರು ಗೊಣಗುತ್ತ ಒಂದು ಪಕ್ಕಕ್ಕೆ ಸರಿಯಬಹುದು. ಫಲಕವನ್ನು ಮಾತ್ರ ಯಾರೂ ತೆಗೆಯಬಾರದು.